ನಿಲ್ಲಿಸಿದ ಗಾಡಿಯ ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದೆಯೇ? ಹೊಸದನ್ನು ಕೊಳ್ಳುವ ಮೊದಲು ಇದನ್ನು ಪರೀಕ್ಷಿಸಿ

ಸಾರಾಂಶ

ಎರಡು ಮೂರು ದಿನ ನಿಲ್ಲಿಸಿದ ಕಾರು ಸ್ಟಾರ್ಟ್ ಆಗದಿದ್ದರೆ "ಬ್ಯಾಟರಿ ಹೋಗಿದೆ, ಬದಲಿಸಿ" ಎಂಬ ಸಲಹೆ ತಕ್ಷಣ ಬರುತ್ತದೆ. ಇದು ಅರ್ಧ ಸತ್ಯ ಮಾತ್ರ. ಬ್ಯಾಟರಿ ಹಳೆಯದಾಗಿರಬಹುದು, ಚಾರ್ಜಿಂಗ್ ಸರಿಯಾಗಿ ಆಗದೇ ಇರಬಹುದು, ಅಥವಾ ಗಾಡಿ ನಿಂತಿರುವಾಗಲೂ ಯಾವುದೋ ಉಪಕರಣ ಸದ್ದಿಲ್ಲದೆ ಕರೆಂಟ್ ಎಳೆಯುತ್ತಿರಬಹುದು. ಮೂರನೆಯದೇ ಕಾರಣವಾಗಿದ್ದರೆ ಹೊಸ ಬ್ಯಾಟರಿಯೂ ಕೆಲವೇ ತಿಂಗಳಲ್ಲಿ ಹಾಳಾಗುತ್ತದೆ. ಈ ಮೂರರಲ್ಲಿ ಯಾವುದು ಕಾರಣ ಎಂಬುದನ್ನು ಹಂತ ಹಂತವಾಗಿ ಪತ್ತೆ ಮಾಡುವ ವಿಧಾನವನ್ನು ಈ ಲೇಖನದಲ್ಲಿ ವಿವರಿಸಿದ್ದೇವೆ.

ಸಮಸ್ಯೆ ಏನು?

ಕೀ ತಿರುಗಿಸಿದರೆ ಎಂಜಿನ್ ತಿರುಗುವ ಬದಲು "ಟಿಕ್ ಟಿಕ್" ಎಂಬ ಸದ್ದು. ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಹೊತ್ತಿ ಆರಿಹೋಗುತ್ತವೆ. ಅಕ್ಕಪಕ್ಕದವರನ್ನು ಕರೆದು ತಳ್ಳಿಯೋ, ಇನ್ನೊಂದು ಗಾಡಿಯಿಂದ ಜಂಪ್ ಕೊಟ್ಟೋ ಹೊರಟರೆ ಆ ದಿನ ಎಲ್ಲವೂ ಸರಿ. ಮತ್ತೆ ನಾಲ್ಕು ದಿನ ನಿಲ್ಲಿಸಿದರೆ ಅದೇ ಕಥೆ.

ವಾರಾಂತ್ಯಕ್ಕೆ ಮಾತ್ರ ಹೊರಬರುವ ಅಪಾರ್ಟ್‌ಮೆಂಟ್ ಕಾರುಗಳಲ್ಲಿ, ಮಕ್ಕಳು ಪರವೂರಿನಲ್ಲಿದ್ದು ಅಪ್ಪ ಅಮ್ಮ ಅಪರೂಪಕ್ಕೆ ತೆಗೆಯುವ ಗಾಡಿಗಳಲ್ಲಿ, ಮನೆಯಿಂದಲೇ ಕೆಲಸ ಮಾಡುವವರ ವಾಹನಗಳಲ್ಲಿ ಇದು ಸಾಮಾನ್ಯ. 2020ರ ಮಾರ್ಚ್ 25ರಂದು ದೇಶದಲ್ಲಿ ಲಾಕ್‌ಡೌನ್ ಶುರುವಾಗಿ ಗಾಡಿಗಳು ವಾರಗಟ್ಟಲೆ ನಿಂತಾಗ ಅನೇಕರಿಗೆ ಈ ಸಮಸ್ಯೆಯ ಪರಿಚಯವಾಯಿತು.

ಇದು ಬರೀ ಕಿರಿಕಿರಿಯ ವಿಷಯವಲ್ಲ. ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಬೇಕಾದಾಗ ಗಾಡಿ ಏಳದಿದ್ದರೆ ಏನಾಗಬಹುದು ಎಂಬುದನ್ನು ಹೇಳಬೇಕಿಲ್ಲ. ಕಾರಣ ತಿಳಿಯದೆ ಬ್ಯಾಟರಿ ಬದಲಿಸಿದರೆ ಸಾವಿರಾರು ರೂಪಾಯಿಯೂ ದಂಡ.

ಬ್ಯಾಟರಿಯೊಳಗೆ ನಡೆಯುವುದೇನು?

ನಮ್ಮ ಬಹುತೇಕ ಕಾರುಗಳಲ್ಲಿರುವುದು ಸೀಸ ಮತ್ತು ಆಮ್ಲದ ಬ್ಯಾಟರಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ತತ್ವವೇ ಇಂದಿಗೂ ನಡೆಯುತ್ತಿದೆ. ಒಳಗೆ ಆರು ಕೋಶಗಳಿರುತ್ತವೆ. ತುಂಬಿದ ಸ್ಥಿತಿಯಲ್ಲಿ ಒಂದೊಂದು ಕೋಶ ಸುಮಾರು 2.1 ವೋಲ್ಟ್ ಕೊಡುತ್ತದೆ. ಹಾಗಾಗಿ "12 ವೋಲ್ಟ್ ಬ್ಯಾಟರಿ" ಎಂದು ನಾವು ಕರೆಯುವುದು ಪೂರ್ತಿ ಚಾರ್ಜ್ ಆದಾಗ ತೋರಿಸುವುದು ಸುಮಾರು 12.6 ವೋಲ್ಟ್.

ಕರೆಂಟ್ ಹೊರಹೋಗುವಾಗ ಒಳಗಿನ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಎಂಬ ಪದಾರ್ಥ ಕೂರುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಅದು ಕರಗಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಆದರೆ ಬ್ಯಾಟರಿಯನ್ನು ಖಾಲಿಯಾಗಿಯೇ ದಿನಗಟ್ಟಲೆ ಬಿಟ್ಟರೆ ಆ ಪದರ ಗಟ್ಟಿ ಹರಳುಗಳಾಗಿ ಬಿಡುತ್ತದೆ. ಇದಕ್ಕೆ ಸಲ್ಫೇಶನ್ ಎನ್ನುತ್ತಾರೆ. ಗಟ್ಟಿಯಾದ ಭಾಗ ಮತ್ತೆ ಪೂರ್ತಿ ಕರಗುವುದಿಲ್ಲ. ಅಷ್ಟರಮಟ್ಟಿಗೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಕಾರಿನ ಬ್ಯಾಟರಿಯನ್ನು ರೂಪಿಸಿರುವುದು ಸ್ಟಾರ್ಟರ್ ಮೋಟಾರಿಗೆ ಒಂದೆರಡು ಸೆಕೆಂಡು ಭಾರಿ ಕರೆಂಟ್ ಕೊಡುವುದಕ್ಕೆ. ಅದಕ್ಕಾಗಿ ಅದರ ಫಲಕಗಳು ತೆಳ್ಳಗಿರುತ್ತವೆ. ಮನೆಯ ಇನ್ವರ್ಟರ್ ಬ್ಯಾಟರಿಯಂತೆ ಗಂಟೆಗಟ್ಟಲೆ ಬಳಸಿ ಖಾಲಿ ಮಾಡುವುದನ್ನು ಅದು ತಡೆದುಕೊಳ್ಳುವುದಿಲ್ಲ. ಪ್ರತಿ ಸಲ ಪೂರ್ತಿ ಖಾಲಿಯಾದಾಗಲೂ ಅದರ ಆಯುಷ್ಯ ಸವೆಯುತ್ತದೆ. ಹೊಸ ಬ್ಯಾಟರಿ ಹಾಕಿಸಿ ಆರೇಳು ತಿಂಗಳಲ್ಲಿ "ಕಂಪನಿ ಮಾಲು ಕಳಪೆ" ಎಂದು ಬೈಯುವ ಎಷ್ಟೋ ಪ್ರಕರಣಗಳಲ್ಲಿ ತಪ್ಪು ಬ್ಯಾಟರಿಯದ್ದಾಗಿರದೆ ಗಾಡಿಯ ವೈರಿಂಗಿನದ್ದಾಗಿರಬಹುದು.

ನಿಂತ ಗಾಡಿಯೂ ಕರೆಂಟ್ ಬಳಸುತ್ತದೆಯೇ?

ಹೌದು, ಬಳಸುತ್ತದೆ. ಗಡಿಯಾರ, ಸೆಂಟ್ರಲ್ ಲಾಕಿಂಗ್, ಕಳ್ಳತನ ತಡೆಯುವ ವ್ಯವಸ್ಥೆ, ಎಂಜಿನ್ ಕಂಟ್ರೋಲ್ ಯೂನಿಟ್ಟಿನ ನೆನಪು ಇವುಗಳಿಗೆ ಸದಾ ಸ್ವಲ್ಪ ಕರೆಂಟ್ ಬೇಕು. ಇಂದಿನ ಕಾರುಗಳಲ್ಲಿ ಇದು ಸಾಮಾನ್ಯವಾಗಿ 50 ಮಿಲಿಆಂಪಿಯರಿನ ಒಳಗಿರುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಅನುಮಾನ ಪಡಬೇಕು.

ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವ 35 ಎಎಚ್ ಬ್ಯಾಟರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎಎಚ್ ಎಂದರೆ ಆಂಪಿಯರ್-ಅವರ್. ಅದು ಬ್ಯಾಟರಿ ಎಷ್ಟು ಕರೆಂಟನ್ನು ಎಷ್ಟು ಹೊತ್ತು ಕೊಡಬಲ್ಲದು ಎಂಬ ಲೆಕ್ಕ. ಹೊಸ, ಪೂರ್ತಿ ತುಂಬಿದ ಬ್ಯಾಟರಿ ಅರ್ಧಕ್ಕೆ ಇಳಿಯಲು, ಅಂದರೆ 17.5 ಎಎಚ್ ಕಳೆದುಕೊಳ್ಳಲು ಎಷ್ಟು ದಿನ ಬೇಕು ನೋಡಿ:

- 25 ಮಿಲಿಆಂಪಿಯರ್ ಬಳಕೆ: ದಿನಕ್ಕೆ 0.6 ಎಎಚ್. ಸುಮಾರು 29 ದಿನ.
- 50 ಮಿಲಿಆಂಪಿಯರ್ ಬಳಕೆ: ದಿನಕ್ಕೆ 1.2 ಎಎಚ್. ಸುಮಾರು ಎರಡು ವಾರ.
- 250 ಮಿಲಿಆಂಪಿಯರ್ ಬಳಕೆ: ದಿನಕ್ಕೆ 6 ಎಎಚ್. ಸುಮಾರು ಮೂರು ದಿನ.
- ಡಿಕ್ಕಿಯಲ್ಲಿ ಆರದೆ ಉಳಿದ 5 ವಾಟ್ ಬಲ್ಬ್: ದಿನಕ್ಕೆ 10 ಎಎಚ್. ಎರಡು ದಿನವೂ ಬೇಡ.

ಬ್ಯಾಟರಿ ಹಳೆಯದಾಗಿದ್ದರೆ ಅಥವಾ ನಿಲ್ಲಿಸುವಾಗಲೇ ಪೂರ್ತಿ ತುಂಬಿಲ್ಲದಿದ್ದರೆ ಈ ಅವಧಿ ಇನ್ನೂ ಕಡಿಮೆ. ಇದರ ಮೇಲೆ ಬ್ಯಾಟರಿಗೆ ತನ್ನಷ್ಟಕ್ಕೇ ಚಾರ್ಜ್ ಕಳೆದುಕೊಳ್ಳುವ ಗುಣವೂ ಇದೆ. ಸೆಖೆ ಹೆಚ್ಚಾದಷ್ಟೂ ಇದು ಜೋರು. ಉಷ್ಣತೆ 10 ಡಿಗ್ರಿ ಏರಿದರೆ ಈ ವೇಗ ಸರಿಸುಮಾರು ಎರಡು ಪಟ್ಟಾಗುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಬಿಸಿಲಿಗೆ ನಿಂತ ಗಾಡಿಯ ಬ್ಯಾಟರಿಗೆ ಮಡಿಕೇರಿಯ ನೆರಳಿನಲ್ಲಿ ನಿಂತ ಗಾಡಿಯಷ್ಟು ಬಾಳಿಕೆ ಬರದಿರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಂದ ಮೊದಲ ಸುಳಿವು ಸಿಗುತ್ತದೆ. ಒಂದೂವರೆ ತಿಂಗಳು ನಿಲ್ಲಿಸಿದ ಕಾರು ಏಳದಿದ್ದರೆ ಅದು ದೋಷವೇ ಆಗಬೇಕಿಲ್ಲ. ಮೂರೇ ದಿನಕ್ಕೆ ಏಳದಿದ್ದರೆ ಏನೋ ತೊಂದರೆ ಇದೆ ಎಂದೇ ಅರ್ಥ.

ಕಾರಣ ಮೂರರಲ್ಲಿ ಒಂದು

ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಬೆಳಗ್ಗೆ ಎದ್ದಾಗ ಟ್ಯಾಂಕ್ ಖಾಲಿ ಎಂದರೆ ಮೂರು ಸಾಧ್ಯತೆಗಳಿವೆ. ಟ್ಯಾಂಕೇ ಬಿರುಕು ಬಿಟ್ಟಿದೆ, ಮೋಟಾರ್ ನೀರನ್ನು ಸರಿಯಾಗಿ ಏರಿಸಿಲ್ಲ, ಅಥವಾ ಎಲ್ಲೋ ಒಂದು ನಲ್ಲಿ ರಾತ್ರಿಯಿಡೀ ಸೋರಿದೆ. ಗಾಡಿಯಲ್ಲೂ ಹಾಗೆಯೇ.

- ಟ್ಯಾಂಕ್ ಎಂದರೆ ಬ್ಯಾಟರಿ.
- ಮೋಟಾರ್ ಎಂದರೆ ಆಲ್ಟರ್ನೇಟರ್. ಗ್ಯಾರೇಜಿನವರು ಡೈನಮೋ ಎನ್ನುವುದು ಇದನ್ನೇ. ಎಂಜಿನ್ ಓಡುವಾಗ ಬ್ಯಾಟರಿಯನ್ನು ತುಂಬಿಸುವುದು ಇದರ ಕೆಲಸ.
- ಸೋರುವ ನಲ್ಲಿ ಎಂದರೆ ಗಾಡಿ ನಿಂತಾಗಲೂ ಕರೆಂಟ್ ಎಳೆಯುವ ಉಪಕರಣ ಅಥವಾ ಕೆಟ್ಟ ವೈರು.

ನಲ್ಲಿ ಸೋರುತ್ತಿರುವಾಗ ಎಷ್ಟು ಹೊಸ ಟ್ಯಾಂಕ್ ಇಟ್ಟರೂ ಪ್ರಯೋಜನವಿಲ್ಲ. ಆದ್ದರಿಂದ ಮೂರನ್ನೂ ಒಂದೊಂದಾಗಿ ಪರೀಕ್ಷಿಸಬೇಕು.

ಮೊದಲ ಹಂತ: ಖರ್ಚಿಲ್ಲದ ತಪಾಸಣೆ

ಮೀಟರ್ ಹಿಡಿಯುವ ಮೊದಲು ಕಣ್ಣಿನಿಂದಲೇ ನೋಡಬಹುದಾದವು ಇವು.

- ರಾತ್ರಿ ಕತ್ತಲಲ್ಲಿ ಗಾಡಿ ಲಾಕ್ ಮಾಡಿ ಹೊರಗಿನಿಂದ ಇಣುಕಿ ನೋಡಿ. ಒಳಗೆ ಯಾವುದಾದರೂ ದೀಪ ಉರಿಯುತ್ತಿದೆಯೇ? ಡಿಕ್ಕಿಯೊಳಗಿನ ದೀಪ ಹೊರಗೆ ಕಾಣುವುದಿಲ್ಲ. ಮೊಬೈಲಿನಲ್ಲಿ ವಿಡಿಯೋ ರೆಕಾರ್ಡಿಂಗ್ ಹಾಕಿ ಒಳಗಿಟ್ಟು ಡಿಕ್ಕಿ ಮುಚ್ಚಿದರೆ ದೀಪ ಆರಿತೋ ಇಲ್ಲವೋ ಗೊತ್ತಾಗುತ್ತದೆ.
- ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್ ಇವೆಲ್ಲ ಚುಚ್ಚಿದಂತೆಯೇ ಇವೆಯೇ?
- ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ? ಕ್ಲ್ಯಾಂಪ್ ಕೈಯಿಂದ ಅಲ್ಲಾಡಿಸಿದರೆ ತಿರುಗುತ್ತದೆಯೇ? ಹಾಗಿದ್ದರೆ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಅದು ಸ್ಟಾರ್ಟರಿಗೆ ತಲುಪುವುದಿಲ್ಲ. ಕ್ಲ್ಯಾಂಪ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬೆಚ್ಚಗಿನ ನೀರಿನಿಂದ ಉಜ್ಜಿ, ಒಣಗಿಸಿ ಬಿಗಿ ಮಾಡಿ. ಈ ನೀರು ಬ್ಯಾಟರಿಯ ಒಳಗೆ ಹೋಗದಂತೆ ನೋಡಿಕೊಳ್ಳಿ.
- ಬ್ಯಾಟರಿಗೆ ಎಷ್ಟು ವರ್ಷ? ನಮ್ಮ ಹವಾಮಾನದಲ್ಲಿ ಮೂರರಿಂದ ಐದು ವರ್ಷ ಸಾಮಾನ್ಯ ಆಯುಷ್ಯ. ಬದಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಮುಂದಿನ ಪರೀಕ್ಷೆ ಬೇಡ, ಬದಲಿಸಿ.
- ಬಾನೆಟ್ ಒಳಗೆ ಇಲಿ ಕಡಿದ ಗುರುತಿದೆಯೇ? ಸಿಪ್ಪೆ ಹೋದ ವೈರು ಗಾಡಿಯ ಲೋಹದ ಮೈಗೆ ತಾಗಿ ಕರೆಂಟ್ ಸೋರುವುದುಂಟು.

ಎರಡನೇ ಹಂತ: ಬ್ಯಾಟರಿ ತಪ್ಪೋ, ಗಾಡಿ ತಪ್ಪೋ?

ಇಡೀ ಪತ್ತೆಯಲ್ಲಿ ಬಹಳ ಮುಖ್ಯವಾದ ಪರೀಕ್ಷೆ ಇದು. ಇದಕ್ಕೆ ಬೇಕಾದದ್ದು ಒಂದು 10 ಎಂಎಂ ಸ್ಪ್ಯಾನರ್ ಮತ್ತು ಸ್ವಲ್ಪ ತಾಳ್ಮೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಮೊದಲು ಬ್ಯಾಟರಿಯನ್ನು ಅಂಗಡಿಯಲ್ಲೋ ಮನೆಯ ಚಾರ್ಜರಿನಲ್ಲೋ ಪೂರ್ತಿ ಚಾರ್ಜ್ ಮಾಡಿಸಿ. ಚಾರ್ಜರ್ ತೆಗೆದ ಕೂಡಲೇ ಅಳೆಯಬೇಡಿ. ಆಗ 13 ವೋಲ್ಟಿನವರೆಗೂ ತೋರಿಸಬಹುದು, ಅದು ನಿಜವಾದ ಸ್ಥಿತಿಯಲ್ಲ. ಕೆಲವು ಗಂಟೆ ಬಿಟ್ಟು ಅಳೆಯಿರಿ. ಆಗ ಸಿಗುವ ಅಂಕಿಯನ್ನು ಹೀಗೆ ಓದಬಹುದು:

- 12.6 ವೋಲ್ಟ್ ಅಥವಾ ಹೆಚ್ಚು: ಪೂರ್ತಿ ತುಂಬಿದೆ
- 12.4 ವೋಲ್ಟ್: ಸುಮಾರು ಮುಕ್ಕಾಲು
- 12.2 ವೋಲ್ಟ್: ಸುಮಾರು ಅರ್ಧ
- 12.0 ವೋಲ್ಟ್: ಸುಮಾರು ಕಾಲು ಭಾಗ
- 11.8 ಅಥವಾ ಕಡಿಮೆ: ಖಾಲಿ

ಈಗ ಗಾಡಿ ಸಾಮಾನ್ಯವಾಗಿ ಎಷ್ಟು ದಿನಕ್ಕೆ ಕೈಕೊಡುತ್ತದೋ ಅಷ್ಟು ದಿನ, ಮೂರು ದಿನ ಎಂದುಕೊಳ್ಳಿ, ಬ್ಯಾಟರಿಯ ನೆಗೆಟಿವ್ ತುದಿಯ ಕ್ಲ್ಯಾಂಪ್ ಬಿಚ್ಚಿ ಪಕ್ಕಕ್ಕಿಟ್ಟು ಬಿಡಿ. ಮೂರು ದಿನದ ಮೇಲೆ ಮತ್ತೆ ಅಳೆಯಿರಿ. ಆಮೇಲೆ ಕ್ಲ್ಯಾಂಪ್ ಜೋಡಿಸಿ ಸ್ಟಾರ್ಟ್ ಮಾಡಿ.

ಫಲಿತಾಂಶ ಎರಡೇ ಬಗೆ. ಬಿಚ್ಚಿಟ್ಟ ಬ್ಯಾಟರಿಯೂ 12.3 ವೋಲ್ಟಿಗೋ ಅದಕ್ಕಿಂತ ಕೆಳಗೋ ಇಳಿದಿದ್ದರೆ, ಅಥವಾ ಗಾಡಿ ಏಳದಿದ್ದರೆ, ಬ್ಯಾಟರಿಗೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಶಕ್ತಿ ಹೋಗಿದೆ. ಯಾರೂ ಕರೆಂಟ್ ಎಳೆಯದಿದ್ದರೂ ಖಾಲಿಯಾಗಿದೆ ಎಂದರೆ ತಪ್ಪು ಅದರದ್ದೇ. ಈ ಸಂದರ್ಭದಲ್ಲಿ ಬದಲಿಸುವುದೇ ಸರಿ.

ಬಿಚ್ಚಿಟ್ಟಾಗ ಹೆಚ್ಚುಕಡಿಮೆ 12.6ರಲ್ಲೇ ನಿಂತು, ಜೋಡಿಸಿಟ್ಟು ಮೂರು ದಿನ ಬಿಟ್ಟಾಗ ಮಾತ್ರ ಬಿದ್ದುಹೋದರೆ, ಬ್ಯಾಟರಿ ಚಾರ್ಜನ್ನು ಉಳಿಸಿಕೊಳ್ಳುತ್ತಿದೆ. ಸೋರಿಕೆ ಗಾಡಿಯಲ್ಲಿದೆ.

ಚಾರ್ಜ್ ನಿಲ್ಲುತ್ತದೆ, ಆದರೂ ಸೆಲ್ಫ್ ಬಲಹೀನ ಎನಿಸಿದರೆ ಇನ್ನೊಂದು ಪರೀಕ್ಷೆ ಇದೆ. ಒಬ್ಬರು ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ಮೀಟರ್ ನೋಡಬೇಕು. ತುಂಬಿದ ಬ್ಯಾಟರಿಯಲ್ಲೂ ಆ ಕ್ಷಣ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲವಾಗಿರುವ ಸಾಧ್ಯತೆ ಹೆಚ್ಚು. ಬ್ಯಾಟರಿ ಅಂಗಡಿಗಳಲ್ಲಿ ಲೋಡ್ ಟೆಸ್ಟ್ ಎಂದು ಕೇಳಿ ಇದನ್ನು ಖಚಿತಪಡಿಸಿಕೊಳ್ಳಬಹುದು.

ಕ್ಲ್ಯಾಂಪ್ ಬಿಚ್ಚುವ ಮೊದಲು ಎರಡು ಎಚ್ಚರಿಕೆ. ಬ್ಯಾಟರಿ ಇಲ್ಲದಾಗ ರಿಮೋಟ್ ಕೆಲಸ ಮಾಡುವುದಿಲ್ಲ, ಹಾಗಾಗಿ ಲೋಹದ ಕೀ ಕೈಯಲ್ಲಿರಲಿ. ಗಡಿಯಾರ, ರೇಡಿಯೋ ಸೆಟ್ಟಿಂಗ್ ಅಳಿಸಿಹೋಗಬಹುದು. ಕೆಲವು ಕಾರುಗಳಲ್ಲಿ ಪವರ್ ವಿಂಡೋವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ಮೂರನೇ ಹಂತ: ಚಾರ್ಜಿಂಗ್ ಸರಿಯಿದೆಯೇ?

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆಯಿರಿ. ಸಾಮಾನ್ಯವಾಗಿ 13.5ರಿಂದ 14.7 ವೋಲ್ಟ್ ಇರಬೇಕು. ಹೆಡ್‌ಲೈಟ್, ಎಸಿ ಫ್ಯಾನ್ ಹಾಕಿದಾಗಲೂ ಅದು 13ರ ಕೆಳಗೆ ಜಾರಬಾರದು. 12.5ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್, ಅದರ ಬೆಲ್ಟ್ ಅಥವಾ ವೈರು ಕೆಟ್ಟಿರಬಹುದು. 15ರ ಮೇಲೆ ಹೋಗುತ್ತಿದ್ದರೆ ಅತಿಯಾಗಿ ಚಾರ್ಜ್ ಆಗಿ ಬ್ಯಾಟರಿಯ ನೀರು ಒಣಗುತ್ತದೆ. ಕೆಲವು ಹೊಸ ಕಾರುಗಳು ಇಂಧನ ಉಳಿಸಲು ಚಾರ್ಜಿಂಗ್ ವೋಲ್ಟೇಜನ್ನು ಬೇಕೆಂದೇ ಏರಿಳಿಸುತ್ತವೆ. ಅಂಥವುಗಳಲ್ಲಿ ಒಂದೇ ಅಳತೆ ನೋಡಿ ತೀರ್ಮಾನಕ್ಕೆ ಬರಬೇಡಿ.

ಆಲ್ಟರ್ನೇಟರ್ ಚೆನ್ನಾಗಿದ್ದೂ ಚಾರ್ಜ್ ಸಾಲದಿರಬಹುದು. ದಿನಕ್ಕೆ ಎರಡು ಕಿಲೋಮೀಟರ್ ಹೋಗಿ ಬರುವ ಗಾಡಿಯ ಬ್ಯಾಟರಿ ಎಂದೂ ಪೂರ್ತಿ ತುಂಬುವುದೇ ಇಲ್ಲ.

ನಾಲ್ಕನೇ ಹಂತ: ಸೋರಿಕೆಯನ್ನು ಅಳೆಯುವುದು

ಎರಡನೇ ಹಂತದಲ್ಲಿ ಗಾಡಿಯ ಮೇಲೆ ಅನುಮಾನ ಬಂದಿದ್ದರೆ ಈ ಹಂತ ಬೇಕು. ಮೀಟರ್ ಬಳಸಿ ಅಭ್ಯಾಸವಿಲ್ಲದವರು ಇದನ್ನು ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡುವುದು ಒಳ್ಳೆಯದು. ಆದರೆ ಅವರು ಏನು ಮಾಡಬೇಕು ಎಂಬುದು ನಿಮಗೆ ತಿಳಿದಿರಲಿ.

1. ಎಲ್ಲವನ್ನೂ ಆಫ್ ಮಾಡಿ, ಕೀಯನ್ನು ಗಾಡಿಯಿಂದ ದೂರ ಇಡಿ. ಕೀಲೆಸ್ ಕಾರುಗಳಲ್ಲಿ ಕೀ ಹತ್ತಿರವಿದ್ದರೆ ಗಾಡಿ ಎಚ್ಚರವಾಗಿಯೇ ಇರಬಹುದು.
2. ಬಾನೆಟ್ ತೆರೆದಿಡಿ. ಬಾಗಿಲು ತೆರೆದಿಡಬೇಕಿದ್ದರೆ ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿ, ಗಾಡಿಗೆ ಬಾಗಿಲು ಮುಚ್ಚಿದೆ ಎನಿಸುವಂತೆ ಮಾಡಿ.
3. ಮೀಟರಿನ ಕೆಂಪು ವೈರನ್ನು 10 ಆಂಪಿಯರಿನ ತೂತಿಗೆ ಹಾಕಿ, ಡಿಸಿ ಆಂಪಿಯರಿಗೆ ತಿರುಗಿಸಿ.
4. ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ. ಬ್ಯಾಟರಿಯ ನೆಗೆಟಿವ್ ತುದಿ ಮತ್ತು ಬಿಚ್ಚಿದ ಕ್ಲ್ಯಾಂಪ್ ಇವೆರಡರ ನಡುವೆ ಮೀಟರ್ ಜೋಡಿಸಿ. ಈಗ ಗಾಡಿಗೆ ಹೋಗುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು.
5. ಕಾಯಿರಿ. ಮೊದಲು ಅಂಕಿ ದೊಡ್ಡದಾಗಿಯೇ ಇರುತ್ತದೆ. ಗಾಡಿಯ ಕಂಪ್ಯೂಟರುಗಳು ಮಲಗಲು 20 ನಿಮಿಷದಿಂದ ಒಂದು ಗಂಟೆಯವರೆಗೂ ಹಿಡಿಯಬಹುದು. ಇಷ್ಟು ಹೊತ್ತು ಕಾಯದೆ "ದೊಡ್ಡ ಸೋರಿಕೆ ಇದೆ" ಎಂದು ಹೇಳುವುದು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಕೊನೆಗೆ 0.05 ಆಂಪಿಯರ್ ಅಥವಾ ಅದಕ್ಕಿಂತ ಕಡಿಮೆ ನಿಂತರೆ ಸರಿ. 0.2, 0.5 ಎಂದು ತೋರಿಸುತ್ತಿದ್ದರೆ ಸೋರಿಕೆ ಖಚಿತ.

ಮೀಟರ್ ಜೋಡಿಸಿರುವಾಗ ಕೀ ತಿರುಗಿಸಲೇಬಾರದು, ಮೀಟರಿನೊಳಗಿನ ಫ್ಯೂಸ್ ಸುಟ್ಟುಹೋಗುತ್ತದೆ. ಆಂಪಿಯರಿಗೆ ಇಟ್ಟ ಮೀಟರನ್ನು ಬ್ಯಾಟರಿಯ ಎರಡು ತುದಿಗಳ ನಡುವೆ ಎಂದೂ ಇಡಬಾರದು. ಅದು ನೇರ ಶಾರ್ಟ್ ಸರ್ಕ್ಯೂಟ್.

ಸೋರಿಕೆ ಎಲ್ಲಿದೆ ಎಂದು ಹುಡುಕುವುದು ಹೇಗೆ?

ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದು ಮೀಟರ್ ನೋಡುವುದು ಹಳೆಯ, ಸುಲಭ ವಿಧಾನ. ಯಾವ ಫ್ಯೂಸ್ ತೆಗೆದಾಗ ಅಂಕಿ ದಿಢೀರ್ ಇಳಿಯುತ್ತದೋ ಆ ದಾರಿಯಲ್ಲೇ ಸೋರಿಕೆ ಇದೆ. ಆ ಫ್ಯೂಸಿನಿಂದ ಯಾವ ಯಾವ ಉಪಕರಣಕ್ಕೆ ಕರೆಂಟ್ ಹೋಗುತ್ತದೆ ಎಂಬುದು ಮುಚ್ಚಳದ ಒಳಭಾಗದಲ್ಲಿ ಅಥವಾ ಗಾಡಿಯ ಕೈಪಿಡಿಯಲ್ಲಿ ಇರುತ್ತದೆ. ಹೊಸ ಕಾರುಗಳಲ್ಲಿ ಫ್ಯೂಸ್ ತೆಗೆದು ಹಾಕಿದರೆ ಮಲಗಿದ ಕಂಪ್ಯೂಟರುಗಳು ಮತ್ತೆ ಏಳುತ್ತವೆ. ಆದ್ದರಿಂದ ನುರಿತವರು ಫ್ಯೂಸನ್ನು ತೆಗೆಯದೆ ಅದರ ತಲೆಯ ಮೇಲಿನ ಎರಡು ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯುತ್ತಾರೆ. ಕರೆಂಟ್ ಹರಿಯುತ್ತಿರುವ ಫ್ಯೂಸಿನಲ್ಲಿ ಮಾತ್ರ ಸಣ್ಣ ಅಂಕಿ ಕಾಣುತ್ತದೆ.

ಸಾಮಾನ್ಯವಾಗಿ ಸಿಕ್ಕಿಬೀಳುವವು ಇವು:

- ಹೊರಗೆ ಹಾಕಿಸಿದ ಸ್ಟೀರಿಯೋ, ಆಂಪ್ಲಿಫೈಯರ್. ಇಂಥ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಸದಾ ಕರೆಂಟ್ ಇರುವ ಕಡೆಗೆ, ಕೆಂಪು ವೈರು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಕಡೆಗೆ ಹೋಗಬೇಕು. ಎರಡನ್ನೂ ಸೇರಿಸಿ ಸದಾ ಕರೆಂಟ್ ಇರುವ ಕಡೆಗೇ ಕಟ್ಟಿದರೆ ಸ್ಟೀರಿಯೋ ಮಲಗುವುದೇ ಇಲ್ಲ.
- ಡ್ಯಾಶ್‌ಕ್ಯಾಮ್, ಜಿಪಿಎಸ್, ಅಲಾರಂ. ಪಾರ್ಕಿಂಗ್ ಮೋಡಿನಲ್ಲಿರುವ ಡ್ಯಾಶ್‌ಕ್ಯಾಮ್ ರಾತ್ರಿಯಿಡೀ ಎಚ್ಚರವಿರುತ್ತದೆ.
- ಡಿಕ್ಕಿ, ಗ್ಲೋವ್ ಬಾಕ್ಸ್ ದೀಪಗಳು. ಸ್ವಿಚ್ ಸವೆದರೆ ಮುಚ್ಚಿದರೂ ಆರುವುದಿಲ್ಲ.
- ಅಂಟಿಕೊಂಡ ರಿಲೇ. ಆಫ್ ಮಾಡಿದರೂ ಒಳಗೆ ಸಂಪರ್ಕ ಕಡಿಯದೆ ಉಳಿದಿರುತ್ತದೆ.
- ಆಲ್ಟರ್ನೇಟರಿನ ಡಯೋಡ್. ಎಲ್ಲಾ ಸಣ್ಣ ಫ್ಯೂಸ್ ತೆಗೆದರೂ ಅಂಕಿ ಇಳಿಯದಿದ್ದರೆ ಇದನ್ನು ನೋಡಬೇಕು. ಇದರ ದಪ್ಪ ವೈರು ಆ ಫ್ಯೂಸ್‌ಗಳ ಮೂಲಕ ಹೋಗುವುದಿಲ್ಲ. ಡಯೋಡ್ ಕೆಟ್ಟರೆ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿಯುತ್ತದೆ.

ಕಾರು ಖರೀದಿಸಿದ ಮೇಲೆ ಏನೇನು ಹಾಕಿಸಿದ್ದೀರಿ, ಸಮಸ್ಯೆ ಯಾವಾಗ ಶುರುವಾಯಿತು ಎಂದು ಪಟ್ಟಿ ಮಾಡಿ. ಎರಡೂ ದಿನಾಂಕ ಹತ್ತಿರವಿದ್ದರೆ ಹುಡುಕಾಟವನ್ನು ಅಲ್ಲಿಂದಲೇ ಶುರು ಮಾಡಿ.

ಸ್ಕೂಟರ್, ಬೈಕ್ ಮತ್ತು ಎಲೆಕ್ಟ್ರಿಕ್ ಕಾರುಗಳಿಗೂ ಇದು ಅನ್ವಯವೇ?

ಅನ್ವಯ. ಆದರೆ ದ್ವಿಚಕ್ರ ವಾಹನದಲ್ಲಿ ಅಂಕಿಗಳು ಬೇರೆ. ಅನೇಕ ಸ್ಕೂಟರುಗಳ ಬ್ಯಾಟರಿ ನಾಲ್ಕೈದು ಎಎಚ್ ಮಾತ್ರ. 20 ಮಿಲಿಆಂಪಿಯರ್ ಎಳೆಯುವ ಟ್ರ್ಯಾಕರ್ ಕಾರಿಗೆ ಲೆಕ್ಕಕ್ಕೇ ಇಲ್ಲ. 4 ಎಎಚ್ ಬ್ಯಾಟರಿಯ ಸ್ಕೂಟರನ್ನು ಅದು ನಾಲ್ಕೇ ದಿನಕ್ಕೆ ಅರ್ಧಕ್ಕೆ ಇಳಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೆಚ್ಚಿನ ಸ್ಕೂಟರುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ, ಕೆಲವಕ್ಕೆ ಕಿಕ್ಕರೇ ಇಲ್ಲ. ಹಾಗಾಗಿ ಬ್ಯಾಟರಿಯ ಆರೋಗ್ಯ ಮೊದಲಿಗಿಂತ ಮುಖ್ಯ.

ಎಲೆಕ್ಟ್ರಿಕ್ ಕಾರುಗಳಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ ಸಾಮಾನ್ಯವಾಗಿ ಒಂದು 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಖಾಲಿಯಾದರೆ ದೊಡ್ಡದು ತುಂಬಿದ್ದರೂ ಗಾಡಿ ಏಳದಿರಬಹುದು. ಆದರೆ ಈ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಲೇಬಾರದು, ಅವುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಪರೀಕ್ಷೆಯನ್ನು ಸರ್ವಿಸ್ ಸೆಂಟರಿಗೆ ಬಿಡಿ.

ನಂಬಿಕೆಗಳು ಮತ್ತು ವಾಸ್ತವ

ನಂಬಿಕೆ: ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ನೆಲಕ್ಕೆ ಇಳಿಯುತ್ತದೆ.
ವಾಸ್ತವ: ಇಲ್ಲ. ಬಹಳ ಹಿಂದೆ ಮರದ ಪೆಟ್ಟಿಗೆಯಲ್ಲಿ ಬ್ಯಾಟರಿ ಬರುತ್ತಿದ್ದಾಗ ತೇವದಿಂದ ತೊಂದರೆಯಾಗುತ್ತಿತ್ತು. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಯ ಮೂಲಕ ಕರೆಂಟ್ ನೆಲಕ್ಕೆ ಹರಿಯುವುದಿಲ್ಲ.

ನಂಬಿಕೆ: ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕು.
ವಾಸ್ತವ: ಅದರಿಂದ ಸ್ಟಾರ್ಟ್ ಮಾಡಲು ಖರ್ಚಾದದ್ದು ಮತ್ತು ಸ್ವಲ್ಪ ಹೆಚ್ಚು ಮರಳಿ ಬರಬಹುದು, ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಕೊನೆಯ ಭಾಗ ತುಂಬಲು ಗಂಟೆಗಳೇ ಬೇಕು. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸುವುದು ಇದಕ್ಕಿಂತ ಉತ್ತಮ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುವುದು ಅಪಾಯ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಜೀವಕ್ಕೇ ಎರವಾಗಬಹುದು.

ನಂಬಿಕೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತುದಿ ಬಿಚ್ಚಿದರೆ ಡೈನಮೋ ಸರಿಯಿದೆಯೋ ಗೊತ್ತಾಗುತ್ತದೆ.
ವಾಸ್ತವ: ಹಾಗೆ ಬಿಚ್ಚಿದಾಗ ವೋಲ್ಟೇಜ್ ಒಮ್ಮೆಗೇ ಜಿಗಿದು ಗಾಡಿಯ ಕಂಪ್ಯೂಟರುಗಳು ಸುಟ್ಟುಹೋಗಬಹುದು. ಇದು ಹಳೆಯ ಗಾಡಿಗಳ ಕಾಲದ ರೂಢಿ. ಮೀಟರ್ ಇರುವಾಗ ಇದರ ಅಗತ್ಯವೇ ಇಲ್ಲ.

ನಂಬಿಕೆ: ನೀರು ಕಡಿಮೆಯಾದರೆ ಆಸಿಡ್ ಹಾಕಿಸಬೇಕು, ಇಲ್ಲವೇ ಫಿಲ್ಟರ್ ನೀರು ಸಾಕು.
ವಾಸ್ತವ: ಆವಿಯಾಗಿ ಹೋಗುವುದು ನೀರು, ಆಮ್ಲ ಒಳಗೇ ಉಳಿಯುತ್ತದೆ. ಹಾಗಾಗಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಕುಡಿಯುವ ನೀರಿನಲ್ಲಿರುವ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಮುಚ್ಚಳ ತೆರೆಯಲಾಗದ ಬ್ಯಾಟರಿಗಳಿಗೆ ಏನೂ ಹಾಕಬೇಕಿಲ್ಲ.

ಸುರಕ್ಷತೆ: ಇವನ್ನು ಮರೆಯಬೇಡಿ

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4ರಷ್ಟಿದ್ದರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಬ್ಯಾಟರಿಯ ಹತ್ತಿರ ಬೀಡಿ, ಸಿಗರೇಟು, ಬೆಂಕಿಕಡ್ಡಿ ಬೇಡ. ತುದಿಗಳನ್ನು ವೈರಿನಿಂದ ತಾಗಿಸಿ "ಕಿಡಿ ನೋಡುವ" ಪರೀಕ್ಷೆಯೂ ಬೇಡ. ಆಮ್ಲ ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯುತ್ತಾ ಇರಿ, ಕೂಡಲೇ ವೈದ್ಯರ ಬಳಿ ಹೋಗಿ.

ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಗಾಡಿಯ ಲೋಹದ ಮೈಯೆಲ್ಲ ನೆಗೆಟಿವ್‌ಗೆ ಸೇರಿರುತ್ತದೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಮೈಗೆ ತಾಗಿದರೆ ಶಾರ್ಟ್ ಆಗುತ್ತದೆ. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ಆ ಭಯವಿಲ್ಲ.

ಜಂಪ್ ಕೊಡುವಾಗ ಕೆಂಪು ಕೇಬಲ್ಲನ್ನು ಮೊದಲು ಖಾಲಿ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ ಹಾಕಿ. ಕಪ್ಪು ಕೇಬಲ್ಲನ್ನು ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ ಹಾಕಿ. ಕೊನೆಯ ತುದಿಯನ್ನು ಖಾಲಿ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಹಾಕಿ. ಕೊನೆಯ ಜೋಡಣೆಯಲ್ಲಿ ಕಿಡಿ ಏಳುವುದು ಸಹಜ. ಅದು ಬ್ಯಾಟರಿಯ ಬಳಿ ಏಳಬಾರದು ಎಂಬುದಕ್ಕೇ ಈ ಕ್ರಮ.

ಕೊನೆಯದಾಗಿ

"ಬ್ಯಾಟರಿ ಡೌನ್ ಆದರೆ ಬ್ಯಾಟರಿಯೇ ಕೆಟ್ಟಿದೆ" ಎಂಬ ಮಾತನ್ನು ಪರೀಕ್ಷಿಸದೆ ಒಪ್ಪಬೇಕಿಲ್ಲ. ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ಬಿಚ್ಚಿಟ್ಟು ಮೂರು ದಿನ ಬಿಡಿ. ಚಾರ್ಜ್ ನಿಂತರೆ ಸೋರಿಕೆ ಹುಡುಕಿ, ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ. ಗ್ಯಾರೇಜಿಗೆ ಹೋದಾಗ "ಹೊಸ ಬ್ಯಾಟರಿಗೆ ಎಷ್ಟು?" ಎನ್ನುವ ಬದಲು "ಗಾಡಿ ನಿಂತಾಗ ಎಷ್ಟು ಮಿಲಿಆಂಪಿಯರ್ ಎಳೆಯುತ್ತಿದೆ, ಅಳೆದು ತೋರಿಸಿ" ಎಂದು ಕೇಳಿ.

ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ಗಾಡಿಯನ್ನು ಚೆನ್ನಾಗಿ ಓಡಿಸಿ ತಂದು ನಿಲ್ಲಿಸಿ, ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿಟ್ಟು ಹೋಗಿ. ಬದಲಿಸಲೇಬೇಕಾದಾಗ ಅದೇ ಸಾಮರ್ಥ್ಯದ ಬ್ಯಾಟರಿ ಹಾಕಿಸಿ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಕಾರಾದರೆ ಅದೇ ಬಗೆಯ ಬ್ಯಾಟರಿಯೂ ಆಗಬೇಕು. ಹಳೆಯದನ್ನು ಗುಜರಿಗೆ ಹಾಕದೆ ಅಂಗಡಿಗೇ ಮರಳಿಸಿ. ಒಳಗಿನ ಸೀಸ ಮಣ್ಣು, ನೀರು ಸೇರಿದರೆ ಮಕ್ಕಳ ಮಿದುಳಿಗೆ ವಿಷ. ಬಳಸಿದ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.